ದಡದಲ್ಲಿ ನಿಂತ ಅಕ್ಕ

ಆಧಾರ ವಾಕ್ಯಭಾಗ: ವಿಮೋಚನಕಾಂಡ 2:1–10



ನಮ್ಮ ಸಂಡೇ ಸ್ಕೂಲಿನ ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳೇ ತುಂಬಿದ್ದವು. ಏಳನೆಯ ತರಗತಿಯ ಹುಡುಗಿ. ಬಂದ ದಿನವೂ ತಡವಾಗಿ ಬರುತ್ತಿದ್ದಳು, ಕೊನೆಯ ಕೀರ್ತನೆಗೆ ಮುಂಚೆಯೇ ಎದ್ದು ಹೋಗುತ್ತಿದ್ದಳು. ಒಂದು ಭಾನುವಾರ ನಾನು ಅವಳನ್ನು ಕರೆದು ಆರಾಧನೆಯ ಶಿಸ್ತಿನ ಬಗ್ಗೆ ಬುದ್ಧಿ ಹೇಳಿದೆ. ತಲೆ ತಗ್ಗಿಸಿ ಕೇಳಿಸಿಕೊಂಡಳು, ಏನೂ ಹೇಳಲಿಲ್ಲ.

ಕೆಲವು ವಾರಗಳ ಮೇಲೆ ಅವರ ಮನೆಗೆ ಹೋದೆ. ತಾಯಿಗೆ ಲಕ್ವ ಹೊಡೆದು ಎರಡು ವರ್ಷವಾಗಿತ್ತು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲವಾದರೆ ಬೆನ್ನು ಸೊಂಟಗಳಲ್ಲಿ ಹುಣ್ಣಾಗುತ್ತದೆ. ತಂದೆ ಬೆಳಗಿನ ಜಾವವೇ ಕೂಲಿಗೆ ಹೊರಡುವವರು. ರಾತ್ರಿಯೆಲ್ಲ ಅಲಾರಾಂ ಇಟ್ಟುಕೊಂಡು ಏಳುತ್ತಿದ್ದವಳು ಈ ಮಗು. ನಾನು ಅವಳ ತಲೆಯ ಮೇಲೆ ಕೈಯಿಟ್ಟು, "ನಿನ್ನಂಥ ಮಗಳು ಮನೆಗೇ ಆಶೀರ್ವಾದ" ಎಂದೆ. ಪ್ರಾರ್ಥಿಸಿದೆ. ಹೊರಟೆ. ಬಾಗಿಲವರೆಗೆ ಬಂದ ಹುಡುಗಿ ಮೆಲ್ಲಗೆ ಹೇಳಿದಳು: "ಅಯ್ಯನವರೇ, ಭಾನುವಾರ ಒಂದೂವರೆ ಗಂಟೆ ಯಾರಾದ್ರೂ ಅಮ್ಮನ ಹತ್ರ ಕೂತ್ಕೊಂಡ್ರೆ, ನಾನು ಪೂರ್ತಿ ಆರಾಧನೆಗೆ ಇರ್ತೀನಿ."

ಅವಳಿಗೆ ನಾನು ಹೊಗಳಿಕೆ ಕೊಟ್ಟಿದ್ದೆ. ಅವಳಿಗೆ ಬೇಕಾಗಿದ್ದದ್ದು ಒಂದೂವರೆ ಗಂಟೆ.

ಇಂದು ಓದಿದ ಭಾಗದಲ್ಲಿಯೂ ಒಬ್ಬಳು ಹುಡುಗಿ ಇದ್ದಾಳೆ. ಹುಟ್ಟಿದ ಗಂಡುಮಕ್ಕಳನ್ನೆಲ್ಲ ನೈಲ್ ನದಿಗೆ ಎಸೆಯಬೇಕೆಂದು ಫರೋಹನ ಆಜ್ಞೆ. ಮೂರು ತಿಂಗಳು ಬಚ್ಚಿಟ್ಟ ಕೂಸನ್ನು ತಾಯಿ ಜೊಂಡಿನ ಪೆಟ್ಟಿಗೆಯಲ್ಲಿ ಮಲಗಿಸಿ ನೀರಿನಂಚಿನಲ್ಲಿ ಇಟ್ಟಳು. ಕೂಸಿನ ಅಕ್ಕ ದೂರದಲ್ಲಿ ನಿಂತು, ಏನಾಗುವುದೋ ಎಂದು ಕಾಯುತ್ತಿದ್ದಳು. ಈ ಅಧ್ಯಾಯ ಅವಳ ಹೆಸರನ್ನೂ ಹೇಳುವುದಿಲ್ಲ. ಮನೆಯ ಅತಿ ದೊಡ್ಡ ಭಯವನ್ನು ಹೊತ್ತು ನಿಂತಿದ್ದವಳು ಮನೆಯ ಒಬ್ಬಳು ಮಗಳು.

ಮುಂದೆ ನಡೆದದ್ದನ್ನು ಗಮನಿಸಿರಿ. ಫರೋಹನ ಮಗಳು ಪೆಟ್ಟಿಗೆಯನ್ನು ಕಂಡಳು, ತೆರೆಸಿದಳು, ಅಳುವ ಕೂಸಿಗೆ ಮರುಗಿದಳು. ಹುಡುಗಿ ಹತ್ತಿರ ಬಂದು, ಕೂಸಿಗೆ ಹಾಲೂಡಿಸುವವಳನ್ನು ಕರೆತರಲೇ ಎಂದು ಕೇಳಿದಳು. ರಾಜಕುಮಾರಿ ಅವಳ ಮಾತಿಗೆ ಒಪ್ಪಿದಳು. ಓಡಿಹೋಗಿ ಹುಡುಗಿ ಕರೆತಂದದ್ದು ಹೆತ್ತ ತಾಯಿಯನ್ನೇ. ಅರಮನೆ ಆ ತಾಯಿಗೆ ಸಂಬಳ ಗೊತ್ತುಮಾಡಿತು. ಕೂಸು ತಾಯಿಯ ಮಡಿಲಿಗೆ ಮರಳಿತು, ಹುಡುಗಿ ದಡದಿಂದ ಮನೆಗೆ ಮರಳಿದಳು. ಇಲ್ಲಿ ಒಬ್ಬ ದೊಡ್ಡವಳು ಮೂರು ಕೆಲಸ ಮಾಡಿದ್ದಾಳೆ: ಕಂಡಳು, ಮಗುವಿನ ಮಾತು ಕೇಳಿದಳು, ಖರ್ಚು ತಾನು ಹೊತ್ತಳು. ಕೊಡದೆ ಹೋದದ್ದು ಹೊಗಳಿಕೆ ಒಂದನ್ನೇ.

ಪ್ರಿಯರೇ, ಇಂಥ ಮಕ್ಕಳು ನಮ್ಮ ಬೀದಿಯಲ್ಲೇ ಇದ್ದಾರೆ. ದಕ್ಷಿಣ ಕನ್ನಡದ ಕೊಕ್ಕಡದ ಸುತ್ತ, ಗೇರು ತೋಟಗಳಿಗೆ ಎಂಡೋಸಲ್ಫಾನ್ ಸಿಂಪಡಿಸಿದ ಊರುಗಳಲ್ಲಿ, ಏಳಲಾರದ, ನುಡಿಯಲಾರದ ಒಡಹುಟ್ಟಿದವರೊಡನೆ ಬೆಳೆದ ಮಕ್ಕಳಿದ್ದಾರೆ. ಆ ವಿಷವನ್ನು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆದದ್ದು 2011ರಲ್ಲಿ. ಆದೇಶ ಬಂತು, ಮನೆಯೊಳಗಿನ ಆರೈಕೆ ಮಾತ್ರ ಮುಗಿಯಲಿಲ್ಲ. ಕಣ್ಣಿಲ್ಲದ ತಂದೆಯ ಕೈಹಿಡಿದು ಬಸ್ಸು ಹತ್ತಿಸುವ ಹುಡುಗ, ಡಯಾಲಿಸಿಸ್ ದಿನ ಶಾಲೆಗೆ ರಜೆ ಹಾಕುವ ಹುಡುಗಿ, ಮನಸ್ಸು ಕದಡಿದ ತಾಯಿ ಮನೆಬಿಟ್ಟು ಹೋಗದಂತೆ ಬಾಗಿಲ ಬಳಿ ಮಲಗುವ ಮಗು: ಇವರಾರೂ ಬಂದು ನಮಗೆ ದೂರು ಹೇಳುವುದಿಲ್ಲ. ಬಾಯಿಬಿಟ್ಟರೆ ಮನೆಯ ಮಾನ ಹೋದೀತು, ತನ್ನನ್ನು ಎಲ್ಲಿಯಾದರೂ ಹಾಸ್ಟೆಲಿಗೆ ಸೇರಿಸಿಬಿಟ್ಟಾರು ಎಂಬ ಅಂಜಿಕೆ ಅವರಿಗೆ. ಶಾಲೆಯಲ್ಲಿ ಅವರಿಗೆ ಸಿಗುವ ಹೆಸರು ಸೋಮಾರಿ. ನಮ್ಮ ಸಭೆಯ ಪುಸ್ತಕದಲ್ಲಿ ಅವರು ಗೈರುಹಾಜರಿ.

"ತಂದೆತಾಯಿಗಳನ್ನು ಸನ್ಮಾನಿಸಬೇಕೆಂದು ದೇವರೇ ಆಜ್ಞಾಪಿಸಿದ್ದಾನಲ್ಲ" ಎಂದು ನೀವು ಕೇಳಬಹುದು. ಹೌದು, ಆ ಆಜ್ಞೆ ಪವಿತ್ರವಾದದ್ದು. ಹೆತ್ತವರಿಗೆ ಒಂದು ಲೋಟ ನೀರು ಕೊಡುವ ಮಗುವಿನ ಕೈಯನ್ನು ದೇವರು ನೋಡುತ್ತಾನೆ. ಆದರೆ ಅಪೊಸ್ತಲ ಪೌಲನು, ಎಫೆಸದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ, ಮಕ್ಕಳಿಗೆ ಈ ಆಜ್ಞೆಯನ್ನು ನೆನಪಿಸಿದ ಕೂಡಲೇ ದೊಡ್ಡವರ ಕಡೆಗೆ ತಿರುಗುತ್ತಾನೆ. ಕೊಲೊಸ್ಸೆಯವರಿಗೆ ಬರೆಯುವಾಗ, ಮಕ್ಕಳ ಮನಸ್ಸು ಕುಗ್ಗದಂತೆ ನೋಡಿಕೊಳ್ಳಬೇಕೆಂದು ಎಚ್ಚರಿಸುತ್ತಾನೆ. ಮಕ್ಕಳಿಗೆ ಹೇಳಿದ ಅರ್ಧವನ್ನು ಮಾತ್ರ ಓದಿ, ನಮಗೆ ಹೇಳಿದ ಅರ್ಧವನ್ನು ಮುಚ್ಚಿಡುವ ಹಕ್ಕು ನಮಗಿಲ್ಲ. ಮಗುವಿನ ಪ್ರೀತಿಯನ್ನು ಕಡಿಮೆ ಮಾಡಿರೆಂದು ನಾನು ಹೇಳುತ್ತಿಲ್ಲ. ಆ ಪ್ರೀತಿ ಒಂಟಿಯಾಗದಿರಲಿ ಎನ್ನುತ್ತಿದ್ದೇನೆ.

ಕಪೆರ್ನೌಮಿನಲ್ಲಿ ಪಾರ್ಶ್ವವಾಯು ರೋಗಿಯನ್ನು ಯೇಸುಸ್ವಾಮಿಯ ಬಳಿಗೆ ಹೊತ್ತು ತಂದವರು ನಾಲ್ವರು. ಹಾಸಿಗೆಗೆ ನಾಲ್ಕು ಮೂಲೆ. ನಮ್ಮ ಎಷ್ಟೋ ಮನೆಗಳಲ್ಲಿ ನಾಲ್ಕೂ ಮೂಲೆ ಒಂದೇ ಮಗುವಿನ ಕೈಯಲ್ಲಿದೆ. ಉಳಿದ ಮೂಲೆಗಳಿಗೆ ನಾವು ಕೈಹಾಕೋಣ.

ಒಂದು ಮೂಲೆ ಸಮಯ. ವಾರಕ್ಕೆರಡು ಗಂಟೆ ರೋಗಿಯ ಬಳಿ ಕೂರಲು ದೊಡ್ಡ ವಿದ್ಯೆ ಬೇಕಿಲ್ಲ. ಮಗ್ಗುಲು ಬದಲಿಸುವುದನ್ನು, ಗಂಜಿ ಕುಡಿಸುವುದನ್ನು ನಮ್ಮ ಸಭೆಯಲ್ಲಿರುವ ನರ್ಸುಗಳು ಒಂದು ಸಂಜೆಯಲ್ಲಿ ಕಲಿಸಿಕೊಡಬಲ್ಲರು. ಆ ಎರಡು ಗಂಟೆ ಮಗು ಓದಲಿ, ಆಡಲಿ, ನಿದ್ದೆಯನ್ನಾದರೂ ಮಾಡಲಿ. ಏನು ಮಾಡಬೇಕೆಂದು ನಾವು ಹೇಳುವುದು ಬೇಡ.

ಇನ್ನೊಂದು ಮೂಲೆ ಶಾಲೆ. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಶಿಕ್ಷಣ ಹಕ್ಕು ಎಂದು 2009ರ ಕಾಯ್ದೆ ಹೇಳುತ್ತದೆ. ನಮ್ಮಲ್ಲಿ ಮೇಷ್ಟರು, ಟೀಚರುಗಳಿದ್ದೀರಿ. ತರಗತಿಯಲ್ಲಿ ತೂಕಡಿಸುವ ಮಗುವನ್ನು ಎಲ್ಲರೆದುರು ಗದರಿಸುವ ಮೊದಲು, ಪಕ್ಕಕ್ಕೆ ಕರೆದು "ಮನೆಯಲ್ಲಿ ಯಾರಿಗೆ ಹುಷಾರಿಲ್ಲ, ಮಗಾ?" ಎಂದು ಒಮ್ಮೆ ಕೇಳಿರಿ. ಹೇಳಿದ್ದನ್ನು ಸ್ಟಾಫ್ ರೂಮಿನ ಸುದ್ದಿ ಮಾಡಬೇಡಿರಿ.

ಮತ್ತೊಂದು ಮೂಲೆ ಸರ್ಕಾರಿ ಕಚೇರಿಗಳ ಓಡಾಟ. ತಂದೆತಾಯಿ ಜೀವಕ್ಕೆ ಅಪಾಯವಾಗುವ ರೋಗದಲ್ಲಿದ್ದರೆ, ಅಥವಾ ಮಕ್ಕಳನ್ನು ಸಾಕಲಾರದಷ್ಟು ಅಶಕ್ತರಾಗಿದ್ದರೆ, ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತನ್ನೂ ಆಡುತ್ತದೆ. ಆದರೆ ಹದಿಮೂರು ವರ್ಷದ ಹುಡುಗಿ ಅಮ್ಮನನ್ನು ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಹೋಗಿ ಸಾಲಿನಲ್ಲಿ ನಿಲ್ಲುವುದು ಹೇಗೆ? ಅರ್ಜಿ ಬರೆಯಬಲ್ಲವರು, ಬೈಕಿರುವವರು, ಸಾಹೇಬರ ಮುಂದೆ ಧೈರ್ಯವಾಗಿ ಮಾತಾಡಬಲ್ಲವರು ನಮ್ಮಲ್ಲಿ ಕಡಿಮೆಯಿಲ್ಲ. ನಿವೃತ್ತರಾದ ಹಿರಿಯರೇ, ಈ ಮೂಲೆ ನಿಮ್ಮದು. ಮಗು ಅಪಾಯದಲ್ಲಿದೆ ಎನಿಸಿದರೆ 1098ಕ್ಕೆ ಫೋನ್ ಮಾಡಿರಿ.

ಕೊನೆಯ ಮೂಲೆಯನ್ನು ಮಗುವಿನ ಕೈಯಲ್ಲೇ ಬಿಡಿರಿ. ಅಮ್ಮನ ಕೂದಲು ಬಾಚುವುದು, ತಮ್ಮನಿಗೆ ತುತ್ತು ಕೊಡುವುದು ಅದರ ಪ್ರೀತಿ. ಅದನ್ನು ಕಿತ್ತುಕೊಳ್ಳುವ ಉಪಕಾರ ಉಪಕಾರವಲ್ಲ.

ದಡದಲ್ಲಿ ನಿಂತ ಆ ಅಕ್ಕ ಮಿರ್ಯಾಮಳೆಂದು ಸಭೆ ನಂಬುತ್ತಾ ಬಂದಿದೆ. ಕೆಂಪು ಸಮುದ್ರ ದಾಟಿದ ದಿನ ದಮ್ಮಡಿ ಹಿಡಿದು ಹೆಂಗಸರನ್ನೆಲ್ಲ ಹಾಡಿಸಿದವಳು ಅವಳು. ಸಕಾಲದಲ್ಲಿ ಭಾರ ಇಳಿದ ಮಗು ಮುಂದೊಂದು ದಿನ ಜನಾಂಗಕ್ಕೇ ಹಾಡು ಕೊಟ್ಟಿತು. ಅರಣ್ಯಕಾಂಡದ ಹನ್ನೆರಡನೆಯ ಅಧ್ಯಾಯದಲ್ಲಿ ಇನ್ನೊಂದು ಸಂಗತಿಯಿದೆ. ತನ್ನ ತಪ್ಪಿನ ಫಲವಾಗಿ ಮಿರ್ಯಾಮಳು ಚರ್ಮರೋಗಕ್ಕೆ ಒಳಗಾಗಿ ಪಾಳೆಯದ ಹೊರಗೆ ಇರಬೇಕಾಯಿತು. ಅವಳಿಗಾಗಿ ದೇವರಿಗೆ ಮೊರೆಯಿಟ್ಟವನು, ಅವಳು ಒಮ್ಮೆ ಕಾದು ನಿಂತಿದ್ದ ಅದೇ ತಮ್ಮ ಮೋಶೆ. ಅವಳು ಮರಳಿ ಬರುವತನಕ ಏಳು ದಿನ, ಒಂದು ಜನಾಂಗವೆಲ್ಲ ಗುಡಾರ ಕೀಳದೆ, ಹೆಜ್ಜೆ ಮುಂದಿಡದೆ ಅವಳಿಗಾಗಿ ಕಾಯಿತು.

ಕಾಯುವ ಮಕ್ಕಳಿಗಾಗಿ ಕಾಯುವ ಸಭೆ ನಾವಾಗೋಣ. ಇಂದು ಆರಾಧನೆ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿನ ಮೇಲೆ ಒಂದು ನೋಟ್‌ಬುಕ್ ಇರುತ್ತದೆ. ಅದರಲ್ಲಿ ಮೊಟ್ಟಮೊದಲಾಗಿ ಬೇಕಾಗಿರುವುದು ಮುಂದಿನ ಭಾನುವಾರ ಬೆಳಿಗ್ಗೆಯ ಒಂದೂವರೆ ಗಂಟೆ. ನಿಮ್ಮ ಹೆಸರು ಬರೆದು ಹೋಗಿರಿ. ಆ ಮಗು ಕೊನೆಯ ಕೀರ್ತನೆಯನ್ನು ನಮ್ಮೊಂದಿಗೆ ನಿಂತು ಹಾಡಲಿ.

ಆಮೆನ್.