ನಮ್ಮ ಸಂಗಡ ಹೊರಟ ಇತರ ದೋಣಿಗಳು

ಕರ್ತನು ಬಿರುಗಾಳಿಯನ್ನು ಗದರಿಸಿ ಸಮುದ್ರವನ್ನು ಶಾಂತಪಡಿಸಿದ ವೃತ್ತಾಂತವನ್ನು ನೀವೆಲ್ಲರೂ ಬಾಲ್ಯದಿಂದಲೇ ಕೇಳಿದವರಾಗಿದ್ದೀರಿ. ಮಾರ್ಕನು ತನ್ನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಅದನ್ನು ಬರೆಯುವಾಗ, ಮತ್ತಾಯನೂ ಲೂಕನೂ ಹೇಳದೆ ಬಿಟ್ಟ ಒಂದು ಚಿಕ್ಕ ಸಂಗತಿಯನ್ನು ಸೇರಿಸಿದ್ದಾನೆ. ಏನಂದರೆ, ಆ ಸಾಯಂಕಾಲ ಕರ್ತನಿದ್ದ ದೋಣಿಯ ಸಂಗಡ ಬೇರೆ ದೋಣಿಗಳೂ ಇದ್ದವು. ಆ ದೋಣಿಗಳ ಯಜಮಾನರು ಯಾರು, ಗಾಳಿಯೆದ್ದಾಗ ಅವರು ಏನು ಮಾಡಿದರು, ಆಚೇ ದಡವನ್ನು ಮುಟ್ಟಿದರೋ ಇಲ್ಲವೋ ಎಂಬದೊಂದೂ ಬರೆಯಲ್ಪಟ್ಟಿಲ್ಲ. ನಾವು ಅನೇಕ ವರ್ಷಗಳ ತನಕ ಆ ಮಾತನ್ನು ಓದಿ ದಾಟಿ ಹೋಗುತ್ತಿದ್ದೆವು. ಮಲ್ಪೆಯ ಕಡಲಲ್ಲಿ ಒಂದು ಹಗಲು ಕಳೆದು ಬಂದಂದಿನಿಂದ ಅದು ನಮ್ಮನ್ನು ಬಿಡಲೊಲ್ಲದು.

ನಾವು ವೈಟ್‌ಫೀಲ್ಡಿನ ಆಚೆಯ ಹಳ್ಳಿಯವರು. ಕೆರೆಗಳನ್ನು ಕಂಡವರೇ ಹೊರತು ಕಡಲನ್ನು ಬಲ್ಲವರಲ್ಲ. ನಮ್ಮ ಸಭೆಯ ಸಹೋದರನೊಬ್ಬನ ಮಗಳನ್ನು ಉಡುಪಿಯ ಕಡೆಗೆ ಕೊಟ್ಟಿರುವದರಿಂದ, ಜನವರಿ ತಿಂಗಳಲ್ಲಿ ನಾವು ನಾಲ್ವರು ಅಲ್ಲಿಗೆ ಹೋಗಿದ್ದೆವು. ಅಳಿಯನ ಪರಿಚಯದ ದೋಣಿ ಯಜಮಾನರು ಐವರು, ಮೀನಿಗೆ ಹೋಗದ ಒಂದು ದಿನ, ತಮ್ಮ ತಮ್ಮ ದೋಣಿಗಳಲ್ಲಿ ಮನೆಯವರನ್ನು ಕೂರಿಸಿಕೊಂಡು ಸೈಂಟ್ ಮೇರೀಸ್ ದ್ವೀಪದ ಕಡೆಗೆ ಹೊರಟಿದ್ದರು, ನಮ್ಮನ್ನೂ ಕರೆದರು. ಇವು ಬಂದರಿನಲ್ಲಿ ಸಾಲಾಗಿ ನಿಂತಿರುವ ದೊಡ್ಡ ಟ್ರಾಲ್ ಬೋಟುಗಳಲ್ಲ; ಹಿಂದೆ ಸೀಮೆಎಣ್ಣೆಯ ಇಂಜಿನನ್ನು ಕಟ್ಟಿಕೊಂಡ ಚಿಕ್ಕ ನಾಡದೋಣಿಗಳು.

ಊರಿನವರು ತೋನ್ಸೆಪಾರು ಎಂದು ಕರೆಯುವ ಆ ದ್ವೀಪಗಳು ಬಂದರಿನಿಂದ ಸುಮಾರು 6 ಕಿಲೋಮೀಟರು ದೂರ. ವಾಸ್ಕೋ ಡ ಗಾಮನು 1498ರಲ್ಲಿ ಅಲ್ಲಿಳಿದು ಕರ್ತನ ತಾಯಿಯ ಹೆಸರನ್ನಿಟ್ಟನೆಂದು ಪ್ರತೀತಿಯುಂಟು. ಅಲ್ಲಿ ಮನೆಗಳಿಲ್ಲ, ತೆಂಗಿನ ಮರಗಳು, ಚಿಪ್ಪುಗಳು ಹರಡಿದ ದಡ, ಮತ್ತು ಬಡಗಿಯು ಅಳತೆಯಿಟ್ಟು ಕೊಯ್ದು ನಿಲ್ಲಿಸಿದನೋ ಎಂಬಂತಿರುವ ಕಲ್ಲುಕಂಬಗಳು. ಮಡಗಾಸ್ಕರವು ನಮ್ಮ ದೇಶದೊಡನೆ ಕೂಡಿಕೊಂಡಿದ್ದ ಕಾಲದಲ್ಲಿ, ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಭೂಮಿಯೊಳಗಿಂದ ಉಕ್ಕಿದ ಕಲ್ಲಿನ ರಸವು ಆರುತ್ತಾ ಕುಗ್ಗುತ್ತಾ ಹೀಗೆ ಕೋನಕೋನವಾಗಿ ಸೀಳಿತೆಂದು ಭೂಶಾಸ್ತ್ರಜ್ಞರು ಹೇಳುತ್ತಾರೆ. ನಾವು ಆ ಕಂಬಗಳ ಮೇಲೆ ಕುಳಿತು ಬುತ್ತಿ ಬಿಚ್ಚಿ ಉಂಡೆವು, ಕೀರ್ತನೆ ಹಾಡಿದೆವು. ಮೊಗವೀರ ಮಕ್ಕಳು ನಮ್ಮ ಹಾಡಿಗೆ ನಕ್ಕರೂ ಕಡೆಯ ತನಕ ಕೇಳಿದರು.

ಸಂಗತಿ ನಡೆದದ್ದು ಹಿಂತಿರುಗುವಾಗ. ಗಾಳಿ ಬಲವಾಗಿತ್ತು. ಐದು ದೋಣಿಗಳೂ ಹೊರಟು ಸ್ವಲ್ಪ ದೂರ ಬಂದಿದ್ದವು. ಹಿಂದಿನ ದೋಣಿಯ ಇಂಜಿನು ಕೆಮ್ಮಿ ನಿಂತುಹೋಯಿತು. ಅಲೆಗಳು ಅದನ್ನು ಬಂಡೆಗಳ ಕಡೆಗೆ ತಳ್ಳತೊಡಗಿದವು. ಅದರಲ್ಲಿ ಹೆಂಗಸರು ಮಕ್ಕಳು ಸೇರಿ ಒಂಬತ್ತು ಮಂದಿ ಇದ್ದರು. ಆ ಯಜಮಾನನಿಗೆ ಇಂಜಿನು ರಿಪೇರಿ ಮಾಡಿಸಬೇಕೆಂದು ಮಳೆಗಾಲದಿಂದಲೇ ಉಳಿದವರು ಹೇಳುತ್ತಿದ್ದರಂತೆ. ಅವನು ಕೈಯಲ್ಲಿದ್ದ ಹಣವನ್ನು ಕೋಳಿ ಅಂಕಕ್ಕೆ ಸುರಿದಿದ್ದನಂತೆ. ಇದೆಲ್ಲವೂ ಎಲ್ಲರಿಗೂ ಗೊತ್ತಿತ್ತು. ಆದರೂ ಎಲ್ಲರಿಗಿಂತ ಮುಂದಿದ್ದ ದೋಣಿಯು ಮೊದಲು ತಿರುಗಿತು. ಅದರ ಯಜಮಾನನೋ, ಬಲೆಯ ವಿಷಯವಾಗಿ ಜಗಳವಾಡಿ ಒಂದು ವರ್ಷದಿಂದ ಇವನೊಡನೆ ಮಾತು ಬಿಟ್ಟವನು. ಒಂದು ಮಾತನ್ನೂ ಆಡದೆ ಹಗ್ಗವನ್ನೆಸೆದನು. ಉಳಿದ ಮೂರು ದೋಣಿಗಳು ವೇಗವನ್ನು ತಗ್ಗಿಸಿ ಎರಡೂ ಮಗ್ಗುಲಲ್ಲಿ ಬಂದವು. ಅರ್ಧ ಗಂಟೆಯ ದಾರಿಗೆ ಎರಡು ಗಂಟೆ ಹಿಡಿಯಿತು.

ನಮ್ಮ ದೋಣಿಯನ್ನು ನಡಿಸುತ್ತಿದ್ದ ಹಿರಿಯ ತಾಂಡೇಲರನ್ನು ನಾವು, “ತಪ್ಪು ಅವನದೇ ಅಲ್ಲವೋ? ಬುದ್ಧಿ ಹೇಳಿದರೂ ಕೇಳದವನಿಗಾಗಿ ಇಷ್ಟು ಜನರ ಎಣ್ಣೆ ಸುಡಬೇಕೋ?” ಎಂದು ಕೇಳಿದೆವು. ಅವರು ನಗಲಿಲ್ಲ. “ಅದನ್ನು ಬಂದರಿನಲ್ಲಿ ಕೇಳುವಾ ಮಾರಾಯ್ರೇ. ಇಲ್ಲೇ ಕೇಳುತ್ತಾ ಕೂತರೆ ಮತ್ತೆ ಉತ್ತರ ಹೇಳಲಿಕ್ಕೆ ಅವ ಇರಬೇಕಲ್ಲ” ಎಂದರು. ಬಂದರಿನಲ್ಲಿ ಕೇಳಿದ್ದೂ ಹೌದು. ದೋಣಿ ಕಟ್ಟಿದ ಕೂಡಲೇ ನಾಲ್ವರೂ ಸೇರಿ ಅವನನ್ನು ಹೆಂಡತಿಯ ಮುಂದೆಯೇ ಬೈದ ಬೈಗಳನ್ನು ಈ ಪತ್ರಿಕೆಯಲ್ಲಿ ಬರೆಯುವ ಹಾಗಿಲ್ಲ.

ಈಗ ನಮ್ಮ ಪ್ರಶ್ನೆಗೆ ಬರೋಣ. ತನ್ನ ಅಜಾಗ್ರತೆಯಿಂದಲೇ ಕೆಟ್ಟವನಿಗೆ ನಾವು ಸಹಾಯಮಾಡಲು ಬದ್ಧರೋ? ಬದ್ಧರೆಂದು ಕಡಲಲ್ಲಿ ಯಾರೂ ವಾದಿಸಬೇಕಾಗಿಲ್ಲ. 1974ರ ಸಮುದ್ರಸುರಕ್ಷೆಯ ಅಂತರರಾಷ್ಟ್ರೀಯ ಒಪ್ಪಂದವು, ಅಪಾಯದಲ್ಲಿರುವವರ ಸುದ್ದಿ ತಿಳಿದ ಹಡಗಿನ ನಾಯಕನು ಅವರ ಸಹಾಯಕ್ಕೆ ಹೋಗಬೇಕೆಂದು ವಿಧಿಸಿದೆ. ಆ ಒಪ್ಪಂದವನ್ನು ಓದದ ಮಲ್ಪೆಯವರೂ ಅದನ್ನೇ ಮಾಡುತ್ತಾರೆ. 2018ರ ದಶಂಬರದಲ್ಲಿ ಏಳು ಮಂದಿಯೊಡನೆ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜವೆಂಬ ಬೋಟು ಕಾಣದೆಹೋದಾಗ, ಮುಂದಿನ ಜನವರಿಯಲ್ಲಿ ಸಾವಿರಾರು ಮೀನುಗಾರರು ತಮ್ಮ ಕಸಬನ್ನು ನಿಲ್ಲಿಸಿ, ಅವರನ್ನು ಹುಡುಕಿಸಿರಿ ಎಂದು ಬೀದಿಗೆ ಬಂದರು. 2019ರ ಮೇ ತಿಂಗಳಲ್ಲಿ ಅದರ ಅವಶೇಷವು ಮಹಾರಾಷ್ಟ್ರದ ಮಾಲ್ವಣದ ಆಚೆ ಸಮುದ್ರದ ತಳದಲ್ಲಿ ಸಿಕ್ಕಿತು. ಅದೇ 2018ರ ಆಗಸ್ಟಿನಲ್ಲಿ ಕೇರಳವು ನೀರಿನಲ್ಲಿ ಮುಳುಗಿದಾಗ, ಆ ನಾಡಿನ ಮೀನುಗಾರರು ಆರುನೂರಕ್ಕೂ ಹೆಚ್ಚು ದೋಣಿಗಳನ್ನು ಲಾರಿಗಳಲ್ಲಿ ಹೇರಿಕೊಂಡು, ತಾವು ಎಂದೂ ಕಾಣದ ಊರುಗಳಿಗೆ ಹೋಗಿ ಸಾವಿರಾರು ಜನರನ್ನು ರಕ್ಷಿಸಿದರು. ಅವರಲ್ಲೊಬ್ಬನು ನೀರಿನಲ್ಲಿ ಬಗ್ಗಿ ನಿಂತು, ಹೆಂಗಸರು ತನ್ನ ಬೆನ್ನನ್ನು ಮೆಟ್ಟಿ ದೋಣಿ ಹತ್ತುವಂತೆ ಮಾಡಿದ್ದನ್ನು ಲೋಕವೆಲ್ಲಾ ನೋಡಿತು. ಗೋಡೆ ಗೇಣಿನಲ್ಲಿ ಬಂದು ಮೋರಿಯನ್ನು ಮುಚ್ಚಿದವರು ಯಾರೆಂದು ಅವನು ವಿಚಾರಿಸಿದನೋ?

ದೂರದ ಮಾತೇಕೆ? 2022ರ ಸೆಪ್ಟೆಂಬರಿನ ಮೊದಲ ವಾರದ ಮಳೆಯನ್ನು ನಮ್ಮ ಕಡೆಯವರು ಮರೆತಿಲ್ಲ. ಬೆಳ್ಳಂದೂರಿನ ಕೆರೆಯ ನೀರು ವರ್ತೂರಿನ ಕೆರೆಗೂ, ಅಲ್ಲಿಂದ ದಕ್ಷಿಣ ಪಿನಾಕಿನಿಗೂ ಹರಿಯುವದೆಂದು ನಮ್ಮ ತಾತಂದಿರು ಬಲ್ಲರು; ಅದಕ್ಕೆ ಬೇಕಾದ ಕಾಲುವೆಗಳನ್ನು ಕಿರಿದುಮಾಡಿ ಕಟ್ಟಿದವರಿಗೆ ಅದು ಬೇಡವಾಗಿತ್ತು. ಯಮಲೂರಿನಲ್ಲಿಯೂ ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿಯೂ ದೊಡ್ಡ ದೊಡ್ಡ ಮನೆಗಳು ದ್ವೀಪಗಳಾದವು. ಕಡಲಿನಿಂದ ಬಹುದೂರದಲ್ಲಿರುವ ನಾಡಿನಲ್ಲಿ ರಕ್ಷಣಾದಳದವರು ರಬ್ಬರು ದೋಣಿಗಳನ್ನು ತಂದರು. ಹಳ್ಳಿಯವರ ಟ್ರ್ಯಾಕ್ಟರುಗಳು, ಎಂದೂ ತಮ್ಮನ್ನು ಗೇಟಿನೊಳಗೆ ಬಿಡದ ಮನೆಗಳ ಯಜಮಾನರನ್ನು ಹೊತ್ತು ತಂದವು. ಕೆಲವರು ಬಾಡಿಗೆ ತೆಗೆದುಕೊಂಡರೆಂಬದೂ ನಿಜವೇ. ಆದರೆ ಕಾಲುವೆಯ ಮೇಲೆ ಮನೆ ಕೊಂಡವನು ಏರಕೂಡದೆಂದು ಹೇಳಿದವನನ್ನು ನಾವು ಕಾಣಲಿಲ್ಲ.

ಹೀಗಿರಲಾಗಿ, ನೀರಿನ ಮೇಲೆ ಇಷ್ಟು ಸ್ಪಷ್ಟವಾದದ್ದು ಒಣ ನೆಲದ ಮೇಲೆ ಯಾಕೆ ಮಸುಕಾಗುತ್ತದೆ? ನಾವು ಇದನ್ನು ಹಗುರವಾಗಿ ಕೇಳುವದಿಲ್ಲ. ಮೈಸೂರಿನ ಚಾಮರಾಜೇಂದ್ರ ಒಡೆಯರು ಕೊಟ್ಟ ಭೂಮಿಯಲ್ಲಿ 1882ರಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳ ನೆಲಸೂರಾಗಿ ವೈಟ್‌ಫೀಲ್ಡು ಹುಟ್ಟಿದಾಗಲೂ, ಅದಾಗಿ ನೂರು ವರ್ಷಗಳ ತನಕವೂ, ಸುತ್ತಣ ನಮ್ಮ ಹಳ್ಳಿಗಳು ರಾಗಿಯನ್ನೂ ದ್ರಾಕ್ಷಿಯನ್ನೂ ಬೆಳೆಯುತ್ತಿದ್ದವು. 1990ರ ದಶಕದ ಕೊನೆಯಲ್ಲಿ ತಂತ್ರಜ್ಞಾನದ ಪಾರ್ಕು ಬಂದ ಮೇಲೆ ಎಕರೆಗಳು ಅಡಿಗಳ ಲೆಕ್ಕದಲ್ಲಿ ಮಾರಾಟವಾದವು. ಹಣವನ್ನು ಬಾಡಿಗೆ ಮನೆಗಳಿಗೆ ಹಾಕಿದವರು ನಮ್ಮ ಸಭೆಯಲ್ಲಿಯೇ ಇದ್ದಾರೆ. ಕಾರು, ಕುಡಿತ, ಮದುವೆಯ ಚಪ್ಪರ ಎಂದು ನಾಲ್ಕು ವರ್ಷಗಳಲ್ಲಿ ಅದನ್ನು ಕರಗಿಸಿದವರೂ ಇದ್ದಾರೆ. ಈ ಎರಡನೆಯ ಪಂಗಡದ ಒಬ್ಬನು ಎರಡು ವರ್ಷಗಳ ಕೆಳಗೆ ತನ್ನ ಮಗಳ ಕಾಲೇಜಿನ ಫೀಜಿಗಾಗಿ ಸಭೆಯ ಬಡವರ ನಿಧಿಯಿಂದ ಸಹಾಯ ಬೇಡಿದನು. ಹಿರಿಯರ ಕಮಿಟಿಯು ಕೂಡಿ, ಬಿತ್ತಿದ್ದನ್ನು ಅವನೇ ಕೊಯ್ಯಲೆಂದು ತೀರ್ಮಾನಿಸಿತು. ಆ ಕಮಿಟಿಯಲ್ಲಿ ನಾವೂ ಕುಳಿತಿದ್ದೆವು, ಕೈಯನ್ನೂ ಎತ್ತಿದೆವು.

ಅಂದು ನಮ್ಮ ಕೈಯಲ್ಲಿ ಸತ್ಯವೇದದ ಆಧಾರವೂ ಇತ್ತು. ಹತ್ತು ಮಂದಿ ಕನ್ನಿಕೆಯರ ಸಾಮ್ಯದಲ್ಲಿ ಬುದ್ಧಿವಂತೆಯರು ಬುದ್ಧಿಯಿಲ್ಲದವರಿಗೆ ಎಣ್ಣೆಯನ್ನು ಕೊಡಲಿಲ್ಲ. ಮದಲಿಂಗನು ಅದಕ್ಕಾಗಿ ಅವರನ್ನು ಗದರಿಸಲೂ ಇಲ್ಲ. ಪೌಲನೂ ಗಲಾತ್ಯದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯದಲ್ಲಿ ಪ್ರತಿಯೊಬ್ಬನು ತನ್ನ ಹೊರೆಯನ್ನು ತಾನೇ ಹೊರಬೇಕೆಂದು ಹೇಳುತ್ತಾನೆ. ಮೂರು ವಚನಗಳ ಹಿಂದೆ ಒಬ್ಬರ ಭಾರವನ್ನೊಬ್ಬರು ಹೊತ್ತುಕೊಳ್ಳಿರೆಂದು ಹೇಳಿದವನೂ ಅವನೇ ಎಂಬದನ್ನು ಆ ದಿನ ಯಾರೂ ಜ್ಞಾಪಿಸಲಿಲ್ಲ.

ಕನ್ನಿಕೆಯರ ಮಾತನ್ನು ನಾವು ತಳ್ಳಿಬಿಡುವ ಹಾಗಿಲ್ಲ. ಆದರೆ ಅವರು ಕೊಟ್ಟ ಕಾರಣವನ್ನು ಗಮನಿಸಿರಿ. ಹಂಚಿಕೊಂಡರೆ ತಮಗೂ ಸಾಲದು, ಅವರಿಗೂ ಸಾಲದು ಎಂದು ಹೇಳಿದರೇ ಹೊರತು, ನೀವು ಅದಕ್ಕೆ ಯೋಗ್ಯರಲ್ಲವೆಂದು ಹೇಳಲಿಲ್ಲ. ಹಂಚಿದರೆ ಹತ್ತು ದೀಪಗಳೂ ಆರುವ ಪಕ್ಷದಲ್ಲಿ ಇಲ್ಲವೆನ್ನುವದು ನ್ಯಾಯವೇ. ಮಲ್ಪೆಯಲ್ಲಿ ಹಗ್ಗವೆಸೆದವನ ಎಣ್ಣೆಯೂ ಖರ್ಚಾಯಿತು; ಬಂದರು ಸೇರುವಾಗ ಅವನ ಡಬ್ಬಿಯ ತಳ ಕಾಣುತ್ತಿತ್ತು. ಆದರೂ ಸೇರಿದನು. ಅಂದು ನಮ್ಮ ನಿಧಿಯಲ್ಲಿದ್ದ ಹಣವೋ, ಮೂರು ಹುಡುಗಿಯರ ಫೀಜಿಗೆ ಸಾಕಾಗಿ, ಮುಂದಿನ ಕ್ರಿಸ್ಮಸ್ ಔತಣಕ್ಕೂ ಉಳಿಯುತ್ತಿತ್ತು. ನಾವು ಬುದ್ಧಿವಂತೆಯರ ಹಿಂದೆ ಅಡಗಿಕೊಂಡೆವು. ಅವರಿಗಿದ್ದ ಕೊರತೆಯು ನಮಗಿರಲಿಲ್ಲ.

ಇನ್ನೊಂದು ದೃಷ್ಟಾಂತವು ನಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರವಾದದ್ದು. ಅದೂ ಹಡಗಿನದೇ, ದ್ವೀಪದ್ದೇ. ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಮುಂದೆ ಪ್ರಯಾಣಮಾಡಿದರೆ ಹಾನಿಯಾಗುವದೆಂದು ಪೌಲನು ಎಚ್ಚರಿಸಿದನು. ಶತಾಧಿಪತಿಯು ಅವನ ಮಾತಿಗಿಂತ ಹಡಗಿನ ಯಜಮಾನನ ಮಾತನ್ನೂ ನಾವಿಕನ ಮಾತನ್ನೂ ಹೆಚ್ಚಾಗಿ ನಂಬಿದನು. ಬಿರುಗಾಳಿ ಬಂತು. ಬಹುದಿನ ಊಟವಿಲ್ಲದೆ ಎಲ್ಲರೂ ನಿರಾಶರಾಗಿದ್ದಾಗ ಪೌಲನು ಎದ್ದು ನಿಂತು, ತನ್ನ ಮಾತನ್ನು ಕೇಳಬೇಕಾಗಿತ್ತೆಂದು ಒಂದೇ ಮಾತಿನಲ್ಲಿ ಹೇಳಿದನು; ಹೇಳದೆ ಬಿಡಲಿಲ್ಲ. ಅದೇ ಉಸಿರಿನಲ್ಲಿ ಧೈರ್ಯವನ್ನೂ ಹೇಳಿದನು. ನಾವಿಕರು ಚಿಕ್ಕ ದೋಣಿಯನ್ನಿಳಿಸಿ ತಾವು ಮಾತ್ರ ತಪ್ಪಿಸಿಕೊಳ್ಳಲು ನೋಡಿದಾಗ ತಡೆದನು. ಯಾಕಂದರೆ ಅವರಿಲ್ಲದೆ ಉಳಿದವರು ಬದುಕುವಂತಿರಲಿಲ್ಲ. ಬಳಿಕ ರೊಟ್ಟಿಯನ್ನು ಮುರಿದು ಎಲ್ಲರೂ ತಿನ್ನುವಂತೆ ಮಾಡಿದನು. ಹಡಗಿನಲ್ಲಿದ್ದ 276 ಮಂದಿಯೂ ಮೆಲೀತೆಯ ದ್ವೀಪದ ದಡ ಸೇರಿದರು. ಹಡಗು ಮಾತ್ರ ಒಡೆಯಿತು. ಬುದ್ಧಿವಾದವು ಬೇಡವೆಂದು ನಾವು ಹೇಳುತ್ತಿಲ್ಲವೆಂಬದನ್ನು ಇದರಿಂದ ತಿಳಿಯಿರಿ. ನಮ್ಮ ಕಮಿಟಿಯಲ್ಲಿಯೂ ಬುದ್ಧಿವಾದಕ್ಕೆ ಕೊರತೆಯಿರಲಿಲ್ಲ. ರೊಟ್ಟಿ ಮಾತ್ರ ಇರಲಿಲ್ಲ.

ಆದರೆ ದುಡಿದು ಉಳಿಸಿದ ಸಹೋದರನೊಬ್ಬನು ಅಂದು ಹೇಳಿದ ಮಾತನ್ನು ನಾವು ತೇಲಿಸಿಬಿಡಲಾರೆವು. “ಅವನು ಕಾರಿನಲ್ಲಿ ತಿರುಗುವಾಗ ನನ್ನ ಮಕ್ಕಳು ಗಂಜಿ ಕುಡಿದರು. ಈಗ ಅವನನ್ನೂ ಎತ್ತಿದರೆ, ನಾವು ಯಾಕೆ ಉಳಿಸಿದೆವೆಂದು ಅವರು ಕೇಳುತ್ತಾರೆ.” ಇದು ಕ್ರೂರವಾದ ಮಾತಲ್ಲ, ತಪ್ಪಿಹೋದ ಮಗನ ಅಣ್ಣನೂ ಹೊಲದಿಂದ ಬಂದು ಇದನ್ನೇ ಕೇಳಿದನು. ಮಲ್ಪೆಯಲ್ಲಿ, ಹೇಗೂ ಹಗ್ಗ ಸಿಕ್ಕೀತೆಂದು ಯಾರೂ ಇಂಜಿನನ್ನು ಕೆಡಿಸಿಕೊಳ್ಳುವದಿಲ್ಲವೆಂದು ತಾಂಡೇಲರು ಹೇಳಿದರು. ಎಲ್ಲರ ಕಣ್ಣೆದುರಿಗೆ ಎಳೆಯಲ್ಪಟ್ಟು ಬರುವ ನಾಚಿಕೆಯೇ ಸಾಕಂತೆ. ಒಣ ನೆಲದಲ್ಲಿ ಇದು ಯಾವಾಗಲೂ ಸತ್ಯವೆಂದು ನಾವು ಪ್ರಮಾಣಮಾಡಲಾರೆವು. ನಾಚಿಕೆಯನ್ನು ಬಿಟ್ಟವರನ್ನೂ ಕಂಡಿದ್ದೇವೆ. ಅಲ್ಲದೆ ಹಗ್ಗವು ಬಂದರಿನ ತನಕ ಮಾತ್ರ. ಮರುದಿನವೂ ಎಳೆಯಿರೆಂದು ಆ ಯಜಮಾನನು ಕೇಳಿದ್ದರೆ ಯಾರೂ ಎಳೆಯುತ್ತಿರಲಿಲ್ಲ, ಎಳೆಯಲೂ ಬಾರದು. ಕುಡಿತಕ್ಕೆ ಹಣ ಕೊಡುವದು ದೋಣಿಗೆ ತೂತು ಕೊರೆದ ಹಾಗೆ. ನಮ್ಮಲ್ಲಿ ಬಂದ ಬೇಡಿಕೆಯೋ ಒಂದು ಹುಡುಗಿಯ ಫೀಜಿನದು. ದೋಣಿಯಲ್ಲಿ ಕುಳಿತ ಹೆಂಗಸರು ಮಕ್ಕಳು ಕೋಳಿ ಅಂಕಕ್ಕೆ ಹೋಗಿರಲಿಲ್ಲವಷ್ಟೆ.

ಕಡಲಲ್ಲಿ ಮುಳುಗುವದು ಕಣ್ಣಿಗೆ ಕಾಣುತ್ತದೆ, ಬೇಗ ಆಗುತ್ತದೆ. ನಮ್ಮ ಊರಿನಲ್ಲಿ ಒಂದು ಮನೆ ಮುಳುಗುವದಕ್ಕೆ ಹತ್ತು ವರ್ಷ ಹಿಡಿಯುತ್ತದೆ. ಪ್ರತಿ ಆದಿತ್ಯವಾರವೂ ಆ ಮನೆಯವರು ಒಗೆದ ಬಟ್ಟೆಯುಟ್ಟು ಬಂದು ನಮ್ಮ ಪಕ್ಕದಲ್ಲಿಯೇ ಕೂರುತ್ತಾರೆ. ಆದಕಾರಣ ಯಾವ ಗಳಿಗೆಯಲ್ಲಿ ದೋಣಿ ತಿರುಗಿಸಬೇಕೆಂದು ನಮಗೆ ತಿಳಿಯುವದಿಲ್ಲ, ತಿಳಿಯಲಿಲ್ಲವೆಂಬದನ್ನೇ ನೆಪಮಾಡಿಕೊಳ್ಳುತ್ತೇವೆ.

ಮಲ್ಪೆಯಿಂದ ಬಂದ ಮರುವಾರ ನಾವು ಆ ಮನುಷ್ಯನನ್ನು ಹುಡುಕಿಕೊಂಡು ಹೋದೆವು. ಅವನು ಈಗ ರಾತ್ರಿ ಕಾವಲಿನವನು. ಕಾಯುವ ಕಟ್ಟಡವು ಹದಿನಾಲ್ಕು ಅಂತಸ್ತಿನದು. ಅದು ನಿಂತಿರುವದು ಅವನ ತಂದೆ ರಾಗಿ ಬಿತ್ತುತ್ತಿದ್ದ ಹೊಲದಲ್ಲಿ. ಬಾವಿ ಇದ್ದ ಸ್ಥಳವನ್ನು ಟಾರ್ಚು ಹಾಕಿ ತೋರಿಸಿದನು. ಅಲ್ಲಿ ಈಗ ಮಕ್ಕಳ ಈಜುಕೊಳವಿದೆ. ಮಗಳು ಅಂದೇ ಓದು ಬಿಟ್ಟು ಬಟ್ಟೆಯ ಕಾರ್ಖಾನೆಗೆ ಸೇರಿದ್ದಳು. ಮತ್ತೆ ಓದುವ ಮನಸ್ಸುಂಟೋ ಎಂದು ಕೇಳಲು, ಉಂಟೆಂದು ಅವಳ ತಾಯಿ ಹೇಳಿದಳು, ಅವನು ಸುಮ್ಮನಿದ್ದನು. ಕಮಿಟಿಯು ಇನ್ನೊಮ್ಮೆ ಕೂಡಿತು. ಗಂಜಿಯ ಮಾತನ್ನು ಹೇಳಿದ ಆ ಸಹೋದರನು ಈ ಸಲವೂ ಒಪ್ಪಲಿಲ್ಲ. ಆದರೆ ಸಭೆ ಮುಗಿದ ಮೇಲೆ ಬಾಗಿಲ ಬಳಿಯಲ್ಲಿ ಒಂದು ಕವರನ್ನು ನಮ್ಮ ಕೈಗಿಟ್ಟು, ಲೆಕ್ಕದಲ್ಲಿ ತನ್ನ ಹೆಸರನ್ನು ಬರೆಯಕೂಡದೆಂದನು. ಹಣವನ್ನು ಒಯ್ದು ಕೊಟ್ಟಾಗ ಕಾವಲಿನವನು, ದಾನವೆಂದು ಬರೆಯಬೇಡಿರಿ, ಸಾಲವೆಂದು ಬರೆಯಿರಿ ಎಂದನು. ಹಾಗೆಯೇ ಬರೆದಿದ್ದೇವೆ. ತಿಂಗಳಿಗೆ ಐನೂರು ರೂಪಾಯಿಯಂತೆ ಎರಡು ಕಂತು ಬಂದಿವೆ. ಮೂರನೆಯದು ಇನ್ನೂ ಬಂದಿಲ್ಲ.