ಇರುಳನ್ನು ಎಣಿಸಿ ಅರಳಿದ್ದು

ನಿಪ್ಪಾಣಿ ಸೀಮೆಯ ಭೋಜ ಊರಿನ ಕಡೆ ಚಳಿಗಾಲದ ಲಗ್ನಕ್ಕೆ ಎರಡೇ ಅವಧಿ. ತುಳಸಿ ಲಗ್ನ ಮುಗಿದ ಮೇಲೆ ಧನುರ್ಮಾಸ ಹಿಡಿಯುವವರೆಗೆ ಒಂದು, ಸಂಕ್ರಾಂತಿ ದಾಟಿದ ಮೇಲೆ ಇನ್ನೊಂದು. ವರ್ಷದ ಅತಿ ಉದ್ದದ ಇರುಳು ಬರುವ ನಡುವಿನ ತಿಂಗಳಲ್ಲಿ ಹಂದರ ಏಳುವುದಿಲ್ಲ. ಹಾಗಾಗಿ ಆ ಎರಡು ಅವಧಿಗಳಲ್ಲಿ ನಿಪ್ಪಾಣಿ, ಚಿಕ್ಕೋಡಿಯ ಮಂಗಲ ಕಾರ್ಯಾಲಯಗಳಿಗೆ ಬಿಡುವಿರುವುದಿಲ್ಲ.

ಈಗಿನ ಮಕ್ಕಳು ರಿಸೆಪ್ಷನ್ನಿಗೆ ಬಿಳಿ ಮತ್ತು ಬೆಳ್ಳಿ ಬಣ್ಣ ಕೇಳುತ್ತಾರೆ. ನನಗೆ ಆ ಆಸೆ ಹಿಡಿಸುತ್ತದೆ. ವೇದಿಕೆಯ ಹಿಂದೆ ಪ್ಲಾಸ್ಟಿಕ್ ಗುಲಾಬಿಯ ಗೋಡೆ ಇಲ್ಲದಿದ್ದರೆ ಮದುಮಕ್ಕಳ ಮುಖ ಕಾಣುತ್ತದೆ, ಹಸಿರು ಬಳೆಯ ಕೈ ಎದ್ದು ತೋರುತ್ತದೆ. ಆದರೆ ಆ ಬಿಳಿಯನ್ನು ಹಿಮದ ದೇಶದ ಚಿತ್ರಗಳಿಂದ ಎರವಲು ತರಬೇಕಿಲ್ಲ. ವೇದಗಂಗಾ, ದೂಧಗಂಗಾ ಕೂಡುವ ಈ ಎರೆ ನೆಲದಲ್ಲಿ ಡಿಸೆಂಬರಿನ ಮುಂಜಾನೆ ನಿಂತರೆ ಹೊಲಗಳ ಮೇಲೆ ಸೂಲಂಗಿ, ಅಂದರೆ ಕಬ್ಬಿನ ಹೂತೆನೆ, ತೂಗುತ್ತಿರುತ್ತದೆ. ಮಂಜು ಸರಿದು ಬಿಸಿಲು ಬಿದ್ದ ಗಳಿಗೆಯಲ್ಲಿ ಹೊಲವೆಲ್ಲ ಬೆಳ್ಳಿ. ರೈತನಿಗೆ ಇದು ಸಂತೋಷದ ನೋಟವಲ್ಲ ನಿಜ. ಸೂಲಂಗಿ ಬಂದ ಕಬ್ಬು ಮುಂದೆ ಬೆಳೆಯುವುದಿಲ್ಲ, ಕಡಿಯಲು ತಡವಾದರೆ ಬೆಂಡಾಗುತ್ತದೆ. ಆದರೂ ಇದಕ್ಕಿಂತ ಚಂದದ ಚಳಿಗಾಲದ ಬಿಳಿಯನ್ನು ನಾನು ಎಲ್ಲಿಯೂ ಕಂಡಿಲ್ಲ.

ಈ ಬೆಳ್ಳಿ ಹೊರಬಂದದ್ದು ಡಿಸೆಂಬರಿನಲ್ಲಿ, ಆದರೆ ತೀರ್ಮಾನವಾದದ್ದು ಆಗಸ್ಟ್ ಕೊನೆ, ಸೆಪ್ಟೆಂಬರಿನ ಹೊತ್ತಿಗೇ. ಮಳೆಗಾಲದ ಹಗಲು ನಿಮಿಷ ನಿಮಿಷವಾಗಿ ಕುಗ್ಗುತ್ತ 12 ಗಂಟೆ 30 ನಿಮಿಷದ ಆಸುಪಾಸಿಗೆ ಇಳಿಯುವಾಗ ಕಬ್ಬಿನ ತುದಿಯೊಳಗೆ ಎಲೆ ಹುಟ್ಟುವುದು ನಿಂತು ಹೂವಿನ ಮೊಳಕೆ ಶುರುವಾಗುತ್ತದೆ. ಈ ಅಕ್ಷಾಂಶದಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಸುಮಾರು 2 ಗಂಟೆ ಮಾತ್ರ. ನಮಗೆ ತಿಳಿಯದಂತೆ ಕಳೆದುಹೋಗುವ ಆ ಚೂರು ಹೊತ್ತನ್ನು ಒಂದು ಹುಲ್ಲಿನ ಜಾತಿಯ ಗಿಡ ಗಮನದಲ್ಲಿಟ್ಟುಕೊಂಡಿರುತ್ತದೆ.

ಸೇವಂತಿಗೆಯದೂ ಇದೇ ಕಥೆ. ಇರುಳು ಸಾಕಷ್ಟು ಉದ್ದವಾದ ಮೇಲೆ ಹಲವು ತಳಿಗಳು ಅರಳಲು 8ರಿಂದ 10 ವಾರ ತೆಗೆದುಕೊಳ್ಳುತ್ತವೆ. ಡಿಸೆಂಬರಿನ ಮೊದಲ ವಾರದ ಲಗ್ನದ ಹಾರಕ್ಕೆ ಬರುವ ಹೂವು ಅಕ್ಟೋಬರಿನ ಆರಂಭದಲ್ಲೇ ಹೊರಟಿರುತ್ತದೆ. ಎಷ್ಟೋ ಮನೆಗಳಲ್ಲಿ ಆಗಿನ್ನೂ ಹೆಣ್ಣು ನೋಡುವ ಶಾಸ್ತ್ರ ಕೂಡ ಆಗಿರುವುದಿಲ್ಲ! ಎರಡು ಕುಟುಂಬಗಳು ಪರಸ್ಪರ ಹೆಸರು ಕೇಳುವ ಮೊದಲೇ ಅವರ ಹಂದರದ ಹೂವು ದಾರಿಯಲ್ಲಿದೆ ಎನ್ನುವುದು ನನ್ನನ್ನು ಮತ್ತೆ ಮತ್ತೆ ಬೆರಗಾಗಿಸುತ್ತದೆ.

ಮನುಷ್ಯ ಈ ಗುಟ್ಟನ್ನು ಸ್ಪಷ್ಟವಾಗಿ ಹಿಡಿದದ್ದು ತಂಬಾಕಿನಲ್ಲಿ. ಬೀಡಿ ತಂಬಾಕಿಗೆ ಹೆಸರಾದ ನಿಪ್ಪಾಣಿಯ ಸೀಮೆಯವರಿಗೆ ಇದು ಹತ್ತಿರದ ಸಂಗತಿ ಎನ್ನಿಸಬೇಕು. ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳ ಹೊಲದಲ್ಲಿ ‘ಮೇರಿಲ್ಯಾಂಡ್ ಮ್ಯಾಮತ್’ ಎಂಬ ತಳಿ ಬೇಸಿಗೆಯಿಡೀ ಎತ್ತರಕ್ಕೆ ಬೆಳೆಯುತ್ತಿತ್ತೇ ಹೊರತು ಹೂ ಬಿಡುತ್ತಿರಲಿಲ್ಲ. ಗೊಬ್ಬರ, ನೀರು, ಚಳಿ ಯಾವುದೂ ಕಾರಣವಾಗಿರಲಿಲ್ಲ. ಕೊನೆಗೆ ಬೇಸಿಗೆಯ ಉದ್ದ ಹಗಲಿನಲ್ಲೇ ಗಿಡಗಳನ್ನು ಕತ್ತಲ ಗೂಡಿಗೆ ಸರಿಸಿ ಹಗಲನ್ನು ಗಿಡ್ಡ ಮಾಡಿದರು, ಗಿಡ ಹೂಬಿಟ್ಟಿತು. 1920ರಲ್ಲಿ ಅದನ್ನು ಪ್ರಕಟಿಸಿದರು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್, ಬಟ್ಟೆಗೆ ಅಂಟುವ ಮುಳ್ಳುಕಾಯಿಯ ಕ್ಸಾಂಥಿಯಂ ಕಳೆಯ ಮೇಲೆ ನಡೆಸಿದ ಪ್ರಯೋಗದಲ್ಲಿ ಇನ್ನೂ ವಿಚಿತ್ರವಾದದ್ದನ್ನು ಕಂಡರು. ಗಿಡ ಅಳೆಯುವುದು ಹಗಲನ್ನಲ್ಲ, ಇರುಳನ್ನು. ಉದ್ದನೆಯ ಕತ್ತಲಿನ ನಡುವೆ ಒಂದೇ ನಿಮಿಷ ದೀಪ ಹಚ್ಚಿದರೆ ಸಾಕು, ಎಣಿಕೆ ಕೆಟ್ಟು ಹೂವು ತಪ್ಪುತ್ತಿತ್ತು.

ಹಿಂದೆ ಮುಹೂರ್ತಕ್ಕೆ ಗಳಿಗೆ ಬಟ್ಟಲು ಇಡುತ್ತಿದ್ದರು. ತಳದಲ್ಲಿ ಸಣ್ಣ ತೂತಿದ್ದ ಬಟ್ಟಲು ನೀರಿನ ಮೇಲೆ ತೇಲಿ, 24 ನಿಮಿಷಕ್ಕೆ ತುಂಬಿ ಮುಳುಗುತ್ತಿತ್ತು. ಸೇವಂತಿಗೆಯ ಎಲೆಯಲ್ಲಿ ಅಂಥದೇ ಒಂದು ಬಟ್ಟಲು ಪ್ರತಿ ಸಂಜೆ ತೇಲುತ್ತದೆ. ನಡುರಾತ್ರಿ ಬೆಳಕು ಬಿದ್ದರೆ ಮೊದಲಿನಿಂದ ಎಣಿಸಬೇಕು. ಎಣಿಸುವುದು ಎಲೆ, ಅರಳುವುದು ತುದಿ. ಎಲೆಯಿಂದ ತುದಿಗೆ ಹೋಗುವ ಸಂದೇಶಕ್ಕೆ ವಿಜ್ಞಾನಿಗಳು 1930ರ ದಶಕದಲ್ಲೇ ಫ್ಲೊರಿಜೆನ್ ಎಂದು ಹೆಸರಿಟ್ಟರೂ ಅದು ಒಂದು ಪ್ರೋಟೀನು ಎಂದು ತೋರಿಸಲು 2007ರವರೆಗೆ ಕಾಯಬೇಕಾಯಿತು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಸೇವಂತಿಗೆ ತೋಟಗಳಲ್ಲಿ ರಾತ್ರಿ ಸಾಲು ಸಾಲು ಬಲ್ಬು ಉರಿಯುವುದನ್ನು ಕಂಡವರು ಅದನ್ನು ಜಾತ್ರೆಯ ಅಲಂಕಾರ ಎಂದುಕೊಂಡಾರು. ಅದು ಹೂವನ್ನು ತಡೆದು ನಿಲ್ಲಿಸುವ ಬೆಳಕು. ರೈತ ಹಬ್ಬದ, ಲಗ್ನದ ತಿಥಿ ನೋಡಿ ದೀಪ ಆರಿಸುತ್ತಾನೆ. ಅಲ್ಲಿಂದ ಹೂವು ಹೊರಡುತ್ತದೆ.

ಭೋಜದಲ್ಲಿ ಹೊತ್ತಿನ ಲೆಕ್ಕ ಮನುಷ್ಯರಿಗೂ ಇದೆ. ಇದು 1872ರಲ್ಲಿ ಜನಿಸಿದ ಆಚಾರ್ಯ ಶಾಂತಿಸಾಗರರ ಊರು. ಒಂಬತ್ತರ ಪ್ರಾಯದಲ್ಲಿ ಅವರಿಗೆ ಮದುವೆ ಮಾಡಿದ್ದರು. ಆ ಪುಟ್ಟ ಹುಡುಗಿ ಕೆಲವೇ ತಿಂಗಳಲ್ಲಿ ತೀರಿಕೊಂಡಳು. ಅವರು ಮತ್ತೆ ಮದುವೆಯಾಗಲಿಲ್ಲ. ದಿಗಂಬರ ಮುನಿಯಾಗಿ, ದಿನಕ್ಕೊಮ್ಮೆ ಹಗಲಿನಲ್ಲಿ ಅಂಗೈಯಲ್ಲೇ ಉಣ್ಣುತ್ತ ಬದುಕಿ, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟರು. ಈ ಸೀಮೆಯ ಜೈನ ಮನೆತನಗಳಲ್ಲಿ ಇಂದಿಗೂ ಎಷ್ಟೋ ಹಿರಿಯರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಡಿಸೆಂಬರಿನಲ್ಲಿ ಸೂರ್ಯ ಆರು ಗಂಟೆಯ ಸುಮಾರಿಗೆ ಇಳಿದುಬಿಡುತ್ತಾನೆ. ಹಾಗಾಗಿ ಏಳು ಗಂಟೆಗೆ ರಿಸೆಪ್ಷನ್ ಎಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸುವ ಮೊದಲು ಯೋಚಿಸಬೇಕು. ನಾಲ್ಕೂವರೆಗೆ ಪಂಕ್ತಿ ಹಾಕಿ, ಗೋಧೂಳಿಯ ಬೆಳಕಿನಲ್ಲಿ ಮದುಮಕ್ಕಳನ್ನು ನಿಲ್ಲಿಸಿದರೆ ಅಜ್ಜ-ಅಜ್ಜಿ ಉಪವಾಸ ಮಲಗುವುದಿಲ್ಲ, ಫೋಟೋಗೂ ಅದಕ್ಕಿಂತ ಒಳ್ಳೆಯ ಬೆಳಕು ಸಿಗದು.

ಇನ್ನು ವೇದಿಕೆಯ ಬಿಳಿಗೆ ಸೂಲಂಗಿಯನ್ನು ಪೂರ್ತಿ ಬಿರಿಯುವ ಮೊದಲೇ ಕೊಯ್ದು ನೀರಿಲ್ಲದ ಮಣ್ಣಿನ ಗಡಿಗೆಗಳಲ್ಲಿ ನಿಲ್ಲಿಸಬೇಕು. ತಡವಾದರೆ ಅರಳೆ ಉದುರಿ ಊಟದೆಲೆಗೆ ಬೀಳುತ್ತದೆ. ಪಕ್ಕದಲ್ಲಿ ಬಿಳಿ ಸೇವಂತಿಗೆ, ತುಳಸಿ ಲಗ್ನದಲ್ಲಿ ಇಡುವಂತೆ ಕಾಯಿ ಸಮೇತ ಒಂದು ನೆಲ್ಲಿ ಟೊಂಗೆ, ಸಾಕು. ಸೂಲಂಗಿ ಕೊಯ್ದುಕೊಡುವವರು ಸಕ್ಕರೆ ಕಾರ್ಖಾನೆಗೆ ಕಬ್ಬು ಕಡಿಯಲು ಗುಳೆ ಬಂದು, ಹೊಲದ ಬದಿಯ ಗುಡಿಸಲಲ್ಲಿ ಮಕ್ಕಳೊಂದಿಗೆ ಚಳಿಗಾಲ ಕಳೆಯುವ ತಂಡದವರೇ. ನಾಲ್ಕೂವರೆಗೆ ಅವರು ಇನ್ನೂ ಟ್ರ್ಯಾಕ್ಟರ್ ತುಂಬುತ್ತಿರುತ್ತಾರೆ, ಪಂಕ್ತಿಗೆ ಬರಲಾಗದು. ಬುತ್ತಿ ಕಟ್ಟಿಸಿ ಕಳಿಸುವುದು ನನಗೆ ಒಪ್ಪಿಗೆಯಿಲ್ಲ. ಹಿಂದಿನ ದಿನವೇ ತಂಡದ ಮುಖ್ಯಸ್ಥನಾದ ಮುಕಾದಮನ ಜೊತೆ ಮಾತಾಡಿ, ಮಧ್ಯಾಹ್ನ ಅವರಿಗೆಂದೇ ಮೊದಲ ಪಂಕ್ತಿ ಹಾಕಿಸಿ, ಮದುಮಕ್ಕಳ ಕೈಯಲ್ಲೇ ಜಿಲೇಬಿ ಬಡಿಸಬೇಕು.