ಸ್ವಾವಲಂಬನೆಯ ಬೆಲೆ

ಅಮೆರಿಕದ ಚಿಂತಕ ಥೋರೋ 1845ರಲ್ಲಿ ವಾಲ್ಡನ್ ಕೊಳದ ದಡದಲ್ಲಿ ಸುಮಾರು 28 ಡಾಲರುಗಳ ವೆಚ್ಚದಲ್ಲಿ ಮನೆ ಕಟ್ಟಿಕೊಂಡು, ಎರಡು ವರ್ಷಕ್ಕೂ ಮಿಕ್ಕಿ ಮಿತವ್ಯಯದಿಂದ ಬಾಳಿದನು. ಆದರೆ ನೆಲವು ಮಿತ್ರ ಎಮರ್ಸನ್ನನದು. ಅದರ ಬೆಲೆ ಆ ಲೆಕ್ಕದಲ್ಲಿಲ್ಲ. (ಕೊಡಲಿಯೂ ಎರವಲು ತಂದದ್ದೇ!) ನಮ್ಮಲ್ಲಿಯೂ ಹೊಲವುಳ್ಳವರಿಗೆ ಸುಲಭವಾದ ಸ್ವಾವಲಂಬನೆಯು ಕೂಲಿಯವನಿಗೆ ಎಟುಕದು. ಅವನ ಕೊರತೆಯನ್ನೇ ವ್ರತವೆಂದು ಹೊಗಳುವುದು ಕ್ರೌರ್ಯವಲ್ಲವೇ? ಪರಿಗ್ರಹ ಪರಿಮಾಣವು ಶ್ರಾವಕನಿಂದ ಬಯಸುವುದು ಕ್ಷೇತ್ರ, ವಾಸ್ತು, ಧನ, ಧಾನ್ಯಾದಿಗಳಿಗೆ ಮಿತಿಯನ್ನು. ಯಾರ ಹಂಗೂ ಇಲ್ಲದ ಬಾಳನ್ನಲ್ಲ. ಸರ್ವವನ್ನೂ ತ್ಯಜಿಸಿ ಪಿಂಛಿ, ಕಮಂಡಲುಗಳನ್ನಷ್ಟೇ ಹಿಡಿದ ಮುನಿಗಳೂ ಆಹಾರಕ್ಕೆ ಶ್ರಾವಕರ ಮನೆಯ ಮುಂದೆ ಬಂದು ನಿಲ್ಲುತ್ತಾರೆ. ವಿಧಿ ಕೂಡಿಬರದಿದ್ದರೆ ಅಂದು ಉಪವಾಸವೇ. ತನಗಷ್ಟೇ ಸಾಲುವಂತೆ ಬೆಳೆದುಕೊಳ್ಳುವ ಮನೆಯಲ್ಲಿ ಆ ತುತ್ತು ಎಲ್ಲಿಂದ ಬರಬೇಕು?